ಎರಡು ಪದದ ವಿಳಾಸ

ಹಿಮಾಲಯಕ್ಕೆ ಹೋಗುವವನ ಹತ್ತಿರ ಏನೇನು ಇರಬೇಕು ಎಂದು ಪಟವರ್ಧನ ಸಾಹೇಬರು ಒಂದು ಪಟ್ಟಿ ಕೊಟ್ಟಿದ್ದರು. ಮೊಳೆ ಹೊಡೆದ ಬೂಟು ಹೊಸತಾದರೆ ನಲವತ್ತೆರಡು ರೂಪಾಯಿ. ಪೂವಪ್ಪನಿಗೆ ಚೋರ್ ಬಜಾರಿನಲ್ಲಿ ಮಿಲಿಟರಿಯವರು ಹಾಕಿ ಬಿಟ್ಟದ್ದು ಇಪ್ಪತ್ತಕ್ಕೇ ಸಿಕ್ಕಿತು. ಉಣ್ಣೆಯ ಸ್ವೆಟರು ಹನ್ನೊಂದು. ಕಪ್ಪು ಕನ್ನಡಕ ಮೂರೂವರೆ. ಉಣ್ಣೆಯ ಕಾಲುಚೀಲ ನಾಲ್ಕು ಜೊತೆ ಎಂದಿತ್ತು. ಇರುವುದು ಎರಡೇ ಕಾಲು ಎಂದುಕೊಂಡು ಅವನು ಎರಡು ಜೊತೆ ಕೊಂಡ, ಐದು ರೂಪಾಯಿ. ಎಲ್ಲಕ್ಕಿಂತ ಅಗ್ಗದ್ದು ಪಟ್ಟಿಯ ಕೊನೆಯಲ್ಲಿತ್ತು: ತಂತಿ ಫಾರಂ, ಮೂರು. ವಿಳಾಸವೂ ಸೇರಿ ಎಂಟು ಪದಕ್ಕೆ ಹದಿಮೂರು ಆಣೆ. ಕ್ಷೇಮವಾಗಿ ಇಳಿದು ಬಂದರೂ ಹದಿಮೂರು ಆಣೆ, ಕೈಕಾಲು ಮುರಿದುಕೊಂಡರೂ ಹದಿಮೂರು ಆಣೆ, ಸತ್ತರೂ ಹದಿಮೂರು ಆಣೆ. ಅದನ್ನು ಬೆಟ್ಟ ಹತ್ತುವವರ ಕ್ಲಬ್ಬು ಕೊಡುತ್ತದೆ. ಎಂಟರ ಮೇಲೆ ಹೋದರೆ ಪದಕ್ಕೊಂದು ಆಣೆ, ಅದು ಅವರವರ ಕಿಸೆಯಿಂದ.

ಪೂವಪ್ಪ ಭಾಂಡುಪಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಹಿರಿಯ ಅಡಿಗೆಯವನು. ಮೂಲ್ಕಿಯ ಕಡೆಯವನು, ಬೊಂಬಾಯಿಗೆ ಬಂದು ಹದಿನಾರು ವರ್ಷವಾಗಿತ್ತು. ಅದೇ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಪಟವರ್ಧನರಿಗೆ ಬೆಟ್ಟ ಹತ್ತುವ ಹುಚ್ಚು. ಭಾನುವಾರ ಬಂತೆಂದರೆ ಗೆಳೆಯರನ್ನು ಕಟ್ಟಿಕೊಂಡು ಸಹ್ಯಾದ್ರಿಯ ಯಾವುದಾದರೊಂದು ಹಳೆಯ ಕೋಟೆಗೆ ಹೊರಡುವರು. ಒಮ್ಮೆ ಊಟದ ವ್ಯವಸ್ಥೆಗೆಂದು ಪೂವಪ್ಪನನ್ನು ಕರೆದುಕೊಂಡು ಹೋದರು. ಅವನು ಅಕ್ಕಿ, ಬೇಳೆ, ಪಾತ್ರೆ ಎಲ್ಲವನ್ನೂ ತಲೆಯ ಮೇಲೆ ಹೊತ್ತು ನಡೆದ. ಸಾಹೇಬರು ಏದುಸಿರು ಬಿಡುತ್ತ ಕೋಟೆಯ ಬಾಗಿಲು ಮುಟ್ಟುವ ಹೊತ್ತಿಗೆ ಅನ್ನ ಕುದಿಯುತ್ತಿತ್ತು. ಅಂದಿನಿಂದ ಅವನಿಲ್ಲದೆ ಅವರು ಎಲ್ಲಿಗೂ ಹೋದದ್ದಿಲ್ಲ. ಐವತ್ತಾರರ ಬೇಸಿಗೆಯಲ್ಲಿ ಕ್ಲಬ್ಬಿನವರು ಗಢವಾಲದ ಹಿಮದ ಬೆಟ್ಟವೊಂದಕ್ಕೆ ಹೊರಟಾಗ ಹತ್ತುವವರು ಆರು ಜನ, ಏಳನೆಯವನು ಪೂವಪ್ಪ. "ಇವನು ಆಳಲ್ಲ, ನಮ್ಮ ಮೆಂಬರ್," ಎಂದು ಪಟವರ್ಧನರು ಎಲ್ಲರೆದುರು ಹೇಳಿದರು. ಒಂದು ಮಾತಿನಿಂದ ಮನುಷ್ಯ ಎಷ್ಟು ಎತ್ತರಕ್ಕೆ ಹೋಗಬಹುದೋ ಅಷ್ಟಕ್ಕೆ ಅವನು ಆವತ್ತೇ ಹೋಗಿಬಿಟ್ಟ.

ಮೆಂಬರಾದ ಮೇಲೆ ಅವನೂ ಮೂರು ತಂತಿ ಬರೆದಿಡಬೇಕು. ಊರು, ತಾರೀಕು ಮಾತ್ರ ಖಾಲಿ ಬಿಟ್ಟು ಉಳಿದದ್ದನ್ನೆಲ್ಲ ಮೊದಲೇ ತುಂಬಿಸಿದರೆ, ಬೆಟ್ಟದ ಮೇಲೆ ಏನಾದರೂ ಆದಾಗ ಕೈ ನಡುಗುತ್ತ ಬರೆಯುವ ಕೆಲಸವಿರುವುದಿಲ್ಲ. ಒಬ್ಬೊಬ್ಬರಿಗೆ ಒಂದೇ ವಿಳಾಸ. ಅದು ಪಟವರ್ಧನರ ಕಟ್ಟಪ್ಪಣೆ.

ಪೂವಪ್ಪನಿಗೆ ಕನ್ನಡ ಓದಲು ಬರೆಯಲು ಬರುತ್ತಿತ್ತು, ಇಂಗ್ಲಿಷು ಬರುತ್ತಿರಲಿಲ್ಲ. ಅದಕ್ಕೆ ಚಾಳಿನಲ್ಲಿ ಮೂರು ಖೋಲಿ ಆಚೆಗೆ ಮುರಿಗೆಪ್ಪ ಇದ್ದ. ಧಾರವಾಡದವನು, ದಾದರಿನ ತಂತಿ ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂತು ಪದ ಎಣಿಸುವ ಕೆಲಸ. ಒಂದು ಭಾನುವಾರ ಬೆಳಿಗ್ಗೆ ಪೂವಪ್ಪ ಅವನನ್ನು ಚಾಕ್ಕೆ ಕರೆದ.

ಮುರಿಗೆಪ್ಪ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಪೆನ್ನಿನ ಟೋಪಿ ತೆಗೆದು, "ಮೊದಲ ಸತ್ತದ್ದ ಬರದ ಬಿಡೋಣ್ರಿ. ಭಾಳ ಸಸಾರ ಅದು, ಒಂದ ಪದದಾಗ ಮುಗೀತದ. ನಾವು ದಿನಾ ಇಪ್ಪತ್ತು ಕಳಸ್ತೇವಿ," ಎಂದ.

"ಥೂ, ಮೊದಲು ಒಳ್ಳೆಯದನ್ನು ಬರೆಯಿರಿ ಮಾರಾಯ್ರೆ."

"ಒಳ್ಳೇದಕ್ಕ ಪದಾ ಹೆಚ್ಚ ಬೇಕ್ರಿ. ಆತು, ವಿಳಾಸಾ ಹೇಳ್ರಿ."

"ಚಂಪಾ, ಮೂಲ್ಕಿ."

ಮುರಿಗೆಪ್ಪ ಪೆನ್ನು ಎತ್ತಿ ಹಿಡಿದ. "ಚಂಪಾ ಅಂದ್ರ ಯಾರ್ರೀ?"

"ನಮ್ಮಕ್ಕ."

"ಅಕ್ಕಾರು ಸರಿ. ಮತ್ತ ನಮ್ಮ ವೈನಿ?"

"ಹೆಂಡತಿ ಇಲ್ಲೇ ಇದ್ದಾಳಲ್ಲ."

"ಇಲ್ಲೇ ಇದ್ರ ಏನಾತು? ಹಿಮಾಲಯದಾಗ ನಿಂತ ಹೋ ಅಂತ ಒದರಿದ್ರ ಭಾಂಡುಪಿಗೆ ಕೇಳಸ್ತದೇನ್ರಿ?"

ಪೂವಪ್ಪ ನಕ್ಕ. ಒಳಗೆ ಪರದೆಯ ಆಚೆ ಅರೆಯುವ ಕಲ್ಲಿನ ಸದ್ದು ನಿಂತದ್ದು ಅವನಿಗೆ ಗೊತ್ತಾಯಿತು. "ನಮ್ಮದು ಅಳಿಯಕಟ್ಟು ಅಲ್ಲವಾ," ಎಂದು ದನಿ ತಗ್ಗಿಸಿದ. "ಗಂಡಸು ಅಕ್ಕತಂಗಿಯ ಮನೆಯವನು ಅಂತಲೇ ಲೆಕ್ಕ. ನಾನು ಸತ್ತರೆ ನೀರು ಬಿಡುವವನು ಅಕ್ಕನ ಮಗ. ಹೆಂಡತಿ ಅವಳ ತಾಯಿಮನೆಗೆ ಸೇರಿದವಳು."

"ಹಂಗಾರ ಒಂಬತ್ತ ವರ್ಷದಿಂದ ನಿಮಗ ಅನ್ನಾ ಹಾಕಿದಾಕಿ ಬರೇ ಬೀಗರ ಮನಿ ಹೆಣ್ಣಮಗಳೇನ್ರಿ?"

"ಅದಲ್ಲ ಮಾರಾಯ್ರೆ, ನೀವೇ ಲೆಕ್ಕ ಹಾಕಿ." ಪೂವಪ್ಪ ಬೆರಳು ಮಡಚಿದ. "ಅಕ್ಕನ ಮನೆ ಪೋಸ್ಟಾಪೀಸಿನ ಎದುರಿಗೇ. ಚಂಪಾ, ಮೂಲ್ಕಿ, ಎರಡೇ ಪದದಲ್ಲಿ ಮುಟ್ಟುತ್ತದೆ. ಇಲ್ಲಿಯದಾದರೆ ವಸಂತಿ, ಖೋಲಿ ನಂಬರು, ಚಾಳಿನ ಹೆಸರು, ಭಾಂಡುಪ್, ಬೊಂಬಾಯಿ... ವಿಳಾಸಕ್ಕೇ ಏಳು ಪದ ಹೋಗ್ತದೆ. ಸುದ್ದಿ ಬರೆಯುವುದೆಲ್ಲಿ?"

ಲೆಕ್ಕ ಸರಿಯಾಗಿತ್ತು. ಪದ ಎಣಿಸುವವನ ಎದುರು ತಪ್ಪು ಲೆಕ್ಕ ನಡೆಯುವಂತೆಯೂ ಇರಲಿಲ್ಲ. ಮುರಿಗೆಪ್ಪ ತಲೆ ಅಲ್ಲಾಡಿಸಿ ಮೂರಕ್ಕೂ ಅದನ್ನೇ ಬರೆದ. ವಸಂತಿ ಚಾ ತಂದಿಟ್ಟಳು. ಫಾರಮುಗಳ ಮೇಲೆ ಒಮ್ಮೆ ಕಣ್ಣಾಡಿಸಿದಳು, ಅವಳಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ.

"ಮೂರೂ ಊರಿಗೇನಾ?" ಎಂದಳು.

"ವಿಳಾಸ ಸಣ್ಣದು ಅಂತ..."

"ಕೇಳಿತು. ಚಾ ಆರ್ತದೆ, ಕುಡಿಯಿರಿ," ಎಂದು ಒಳಗೆ ಹೋದಳು. ಅರೆಯುವ ಕಲ್ಲು ಮತ್ತೆ ಸದ್ದು ಮಾಡತೊಡಗಿತು.

ಇದರಲ್ಲಿ ತಪ್ಪೇನೂ ಇಲ್ಲ ಎಂದೇ ಪೂವಪ್ಪ ತನಗೆ ತಾನು ಹೇಳಿಕೊಂಡ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಚಂಪಕ್ಕ. ಊರಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಸರಿ ಎನ್ನುತ್ತಾರೆ. ಆದರೆ ಸರಿಯಾದದ್ದನ್ನು ಮಾಡಿದವನು ಪದದ ಲೆಕ್ಕದ ಹಿಂದೆ ಅವಿತುಕೊಳ್ಳುವುದು ಯಾಕೆ ಎಂಬ ಪ್ರಶ್ನೆ ಬಂದಾಗ ಅವನು ಎದ್ದು ಬೂಟಿಗೆ ಎಣ್ಣೆ ಹಚ್ಚಲು ಕೂತ.

ಹೊರಡುವ ನಾಲ್ಕು ದಿನ ಮೊದಲು ಕ್ಲಬ್ಬಿನ ಸೆಕ್ರೆಟರಿ ದಿನಾಬಾಯಿ ಎಲ್ಲರನ್ನೂ ಮನೆಯವರ ಜೊತೆ ಚಹಾಕ್ಕೆ ಕರೆದರು. ದಾದರಿನ ಪಾರ್ಸಿ ಕಾಲನಿಯಲ್ಲಿ ಅವರ ಮನೆ. ಎಪ್ಪತ್ತರ ಹತ್ತಿರದ ಮುದುಕಿ, ಬಿಳಿ ಕೂದಲು, ಗಂಡಸರಿಗೆ ಹೆದರದ ಗಂಟಲು. ವಸಂತಿ ತನ್ನ ಹಸಿರು ಸೀರೆ ಉಟ್ಟು, ದಾರಿಗೆಂದು ಕರಿದ ಚಕ್ಕುಲಿಯ ಡಬ್ಬಿ ಹಿಡಿದು ಬಂದಿದ್ದಳು. ಕುರ್ಚಿಯ ತುದಿಯಲ್ಲಿ ಕೂತು, ಕಪ್ಪು, ಬಸಿಗಳನ್ನು ಕೊಡುವ ಹುಡುಗಿಗೆ ಎದ್ದು ನಿಂತು ಸಹಾಯ ಮಾಡಲೋ ಬೇಡವೋ ಎಂದು ನೋಡುತ್ತಿದ್ದಳು.

ಚಹಾ ಆದ ಮೇಲೆ ದಿನಾಬಾಯಿ ಕನ್ನಡಕ ಏರಿಸಿ ಒಂದು ಕಾಗದ ತೆಗೆದರು. ಯಾರಿಗೆ ಏನಾದರೆ ಯಾರಿಗೆ ತಿಳಿಸಬೇಕು ಎಂಬ ಪಟ್ಟಿ. ತಪ್ಪಿದ್ದರೆ ಈಗಲೇ ಹೇಳಿ, ಬೆಟ್ಟದ ಮೇಲೆ ತಿದ್ದಲಾಗುವುದಿಲ್ಲ ಎಂದು ಒಂದೊಂದೇ ಹೆಸರು ಓದಿದರು. ಪಟವರ್ಧನ, ಹೆಂಡತಿ. ಹೆಂಡತಿ ಕೈ ಎತ್ತಿದರು. ಎರಡನೆಯವನಿಗೆ ತಾಯಿ, ಮೂರನೆಯವನಿಗೆ ಹೆಂಡತಿ, ನಾಲ್ಕನೆಯವನಿಗೆ ತಂದೆ. ಎಲ್ಲರೂ ಅಲ್ಲೇ ಇದ್ದರು. ಓದಿದಾಗೆಲ್ಲ ಒಂದು ಕೈ ಮೇಲೇಳುತ್ತಿತ್ತು. ಪೂವಪ್ಪ ಕುರ್ಚಿಯಲ್ಲಿ ಮುಂದೆ ಸರಿದು ಕೂತ. ತನ್ನ ಸರದಿ ಬರುವ ಮೊದಲೇ ಏನಾದರೂ ಹೇಳಬೇಕೆಂದುಕೊಂಡ. ಯಾವ ಭಾಷೆಯಲ್ಲಿ, ಎಲ್ಲಿಂದ ಶುರುಮಾಡಿ ಎಂದು ಯೋಚಿಸುವಷ್ಟರಲ್ಲಿ ಸರದಿ ಬಂದೇ ಬಿಟ್ಟಿತು.

"ಪೂವಪ್ಪ. ಸಿಸ್ಟರ್, ಚಂಪಾ." ದಿನಾಬಾಯಿ ಕಾಗದದಿಂದ ಕಣ್ಣೆತ್ತಿ ಕೋಣೆಯಲ್ಲೆಲ್ಲ ನೋಡಿದರು. ಉಳಿದವಳು ಒಬ್ಬಳೇ. ನಗುತ್ತ ವಸಂತಿಯತ್ತ ಬಾಗಿ, "ಆಪ್ ಬಹನ್ ಹೈ?" ಎಂದು ಕೇಳಿದರು.

ಪೂವಪ್ಪ ಕೈಯಲ್ಲಿದ್ದ ಬಸಿಯತ್ತ ತಲೆ ತಗ್ಗಿಸಿದ. ವಸಂತಿ ಅವನ ಕಡೆ ಒಂದು ಸಲ ನೋಡಿದಳು. ಒಂದೇ ಸಲ. ಮತ್ತೆ ಮುದುಕಿಯ ಕಡೆ ತಿರುಗಿ, "ಹಾಂ ಜೀ. ಬಹನ್," ಎಂದಳು. ಎಲ್ಲರಂತೆ ಅವಳೂ ಕೈ ಎತ್ತಿದಳು.

"ನಿಮ್ಮ ತಮ್ಮ ಬಹಳ ಧೈರ್ಯದವನು," ಎಂದು ದಿನಾಬಾಯಿ ಹಿಂದಿಯಲ್ಲಿ ಹೇಳಿ ಅವಳ ಭುಜ ತಟ್ಟಿದರು. ವಸಂತಿ ತಲೆ ಆಡಿಸಿದಳು. ಪೂವಪ್ಪ ತನ್ನ ಬಸಿಯಲ್ಲಿ ಚೆಲ್ಲಿದ ಚಹಾದ ಕಡೆ ನೋಡುತ್ತ ಕೂತ. ಹತ್ತು ವರ್ಷ ಕ್ಯಾಂಟೀನಿನಲ್ಲಿ ಬೈಸಿಕೊಂಡಿದ್ದ, ಒಮ್ಮೆ ಕಳ್ಳತನದ ಆರೋಪವನ್ನೂ ಹೊತ್ತಿದ್ದ. ಆವತ್ತು ಎಲ್ಲರೆದುರು ತಲೆ ಎತ್ತಿ ನಿಂತವನು ಇವತ್ತು ಒಬ್ಬರೂ ಏನೂ ಅನ್ನದಿದ್ದರೂ ತಲೆ ಎತ್ತಲಾಗದೆ ಕೂತ.

ದಾದರಿನಲ್ಲಿ ಲೋಕಲ್ ಹತ್ತುವಾಗ ವಸಂತಿ ಎಂದಿನಂತೆ ಹೆಂಗಸರ ಡಬ್ಬಿಗೆ ಹೋದಳು. ಅವನು ಬಾಗಿಲ ಹತ್ತಿರ ನೇತಾಡುತ್ತ, ಪ್ರತಿ ಸ್ಟೇಷನ್ನಿನಲ್ಲೂ ಅವಳು ಇಳಿದುಬಿಟ್ಟಳೇನೋ ಎಂಬಂತೆ ಆ ಕಡೆ ಇಣುಕಿದ. ಭಾಂಡುಪಿನಲ್ಲಿ ಇಬ್ಬರೂ ಇಳಿದು ರೈಲ್ವೆ ಗೇಟು ದಾಟಿ ಚಾಳಿನ ಹಾದಿ ಹಿಡಿದ ಮೇಲೆ, ಅವನೇ ಮೊದಲು ಬಾಯಿಬಿಟ್ಟ.

"ಯಾಕೆ ಹಾಗೆ ಹೇಳಿದೆ?"

"ಮತ್ತೆ ಎಂತ ಹೇಳಬೇಕಿತ್ತು?"

"ಹೆಂಡತಿ ಅಂತ."

"ಹೆಂಡತಿ ಅಂದಿದ್ದರೆ ಆ ದಿನಾಬಾಯಿ ನಿಮ್ಮ ಕಡೆ ತಿರುಗಿ ಕೇಳ್ತಿದ್ದರು, ಹೆಂಡತಿ ಎದುರಿಗೇ ಕೂತಿರುವಾಗ ಕಾಗದದಲ್ಲಿ ಯಾಕಿಲ್ಲ ಅಂತ. ನಿಮಗೆ ಹಿಂದಿಯಲ್ಲಿ ಉತ್ತರ ಬರ್ತಿತ್ತಾ?"

ಪೂವಪ್ಪ ಹೆಜ್ಜೆ ಜೋರು ಮಾಡಿದ.

"ಹಿಂದಿ ಬಿಡಿ. ತುಳುವಿನಲ್ಲಿ ಉಂಟಾ?"

ಎದುರಿನಿಂದ ಬಂದ ಹಾಲಿನವನ ಸೈಕಲ್ಲಿಗೆ ಇಬ್ಬರೂ ದಾರಿ ಬಿಟ್ಟು, ಮತ್ತೆ ಜೊತೆಯಾದರು.

"ಚಂಪಕ್ಕನಿಗೆ ಹೋಗುವುದು ಬೇಡ ಅಂತ ನಾನು ಹೇಳುವುದಿಲ್ಲ," ಎಂದಳು ವಸಂತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು. "ಅವರು ನಿಮ್ಮನ್ನು ಸಾಕಿದವರು. ನಮ್ಮ ಕಟ್ಟು ನನಗೂ ಗೊತ್ತುಂಟು. ನನ್ನ ಅಣ್ಣ ಹಾಸನದಲ್ಲಿ ಸತ್ತಾಗ ಸುದ್ದಿ ಮೊದಲು ಬಂದದ್ದು ನಮ್ಮ ಮನೆಗೇ. ಅವನ ಹೆಂಡತಿಗೆ ಗೊತ್ತಾದದ್ದು ಮೂರನೆಯ ದಿನ. ಸಂತೆಯಲ್ಲಿ ಬಳೆ ಇಡಿಸಿಕೊಳ್ತಾ ಇದ್ದಳಂತೆ, ಬಳೆಗಾರ ಹೇಳಿದ್ದು. ಆಗ ನಮಗೆ ಯಾರಿಗೂ ಅದರಲ್ಲಿ ಎಂತದೂ ಕಾಣಲಿಲ್ಲ. ನನಗೂ ಕಾಣಲಿಲ್ಲ." ನಡೆಯುತ್ತಲೇ ಹೇಳಿದಳು, "ನಾನು ಕೇಳುವುದು ಇಷ್ಟೇ. ನನಗೆ ಯಾರು ಹೇಳ್ತಾರೆ?"

ನಾಲ್ಕು ದಿನವಿತ್ತು. ದಿನಾಬಾಯಿಯ ಮನೆಗೆ ಹೋಗಿ ಒಂದು ಹೆಸರು ಹೊಡೆದು ಇನ್ನೊಂದು ಹಾಕಿ ಎಂದರೆ ಮುಗಿಯುತ್ತಿತ್ತು. ಮರುದಿನ ಪೂವಪ್ಪ ಹೋದ ಕೂಡ. ಪಾರ್ಸಿ ಕಾಲನಿಯ ಆ ಗೇಟಿನ ಎದುರು ಬಾದಾಮಿ ಮರದ ಕೆಳಗೆ ನಿಂತ. ಒಳಗೆ ಹೋಗಿ ಹೆಂಡತಿಯ ಹೆಸರು ಬರೆಸಬೇಕಾದರೆ, ನಿನ್ನೆ ಬಂದವಳು ಸುಳ್ಳು ಹೇಳಿದಳು ಎಂದು ಮೊದಲು ಹೇಳಬೇಕು. ಅವಳು ಯಾಕೆ ಸುಳ್ಳು ಹೇಳಿದಳು ಎಂದು ಆಮೇಲೆ ಹೇಳಬೇಕು. ಅವನ ಮಾನ ಉಳಿಸಲು ಅವಳು ಆಡಿದ ಮಾತೇ ಈಗ ಬಾಗಿಲಿಗೆ ಅಡ್ಡ ಬಿದ್ದಿತ್ತು. ಕಾವಲುಗಾರ ಎರಡು ಸಲ ಯಾರು ಬೇಕೆಂದು ಕೇಳಿದ. ಮೂರನೆಯ ಸಲ ಕೇಳುವ ಮೊದಲು ಪೂವಪ್ಪ ಹಿಂದಿರುಗಿದ.

ಬೊಂಬಾಯಿ ಸೆಂಟ್ರಲ್ಲಿನಲ್ಲಿ ಡೆಹರಾಡೂನ್ ಗಾಡಿ ಹೊರಡುವಾಗ ಎಲ್ಲರಿಗೂ ಹಾರ ಬಿತ್ತು. ದಿನಾಬಾಯಿ ವಸಂತಿಯನ್ನು "ಬಹನ್" ಎಂದೇ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ವಸಂತಿ ಕಿಟಕಿಯ ಹತ್ತಿರ ಬಂದು ಒಂದು ಕಾಗದದ ಪೊಟ್ಟಣ ಒಳಗೆ ಕೊಟ್ಟಳು. ಎರಡು ಜೊತೆ ಉಣ್ಣೆಯ ಕಾಲುಚೀಲ. "ಪಟ್ಟಿಯಲ್ಲಿ ನಾಲ್ಕು ಅಂತ ಇತ್ತಂತೆ, ಮುರಿಗೆಪ್ಪನವರು ಓದಿ ಹೇಳಿದರು," ಎಂದಳು. "ಒದ್ದೆಯಾದರೆ ಕಳಚಿ. ಉದಾಸೀನ ಮಾಡಬೇಡಿ." ಗಾಡಿ ಅಲುಗಿತು. ಹೇಳಬೇಕಾದ ಮಾತು ಪೂವಪ್ಪನ ಬಾಯಿಗೆ ಬಂದದ್ದು ಗಾಡಿ ದಾದರು ದಾಟಿದ ಮೇಲೆ.

ಬೆಟ್ಟದ ಕತೆಯನ್ನು ಹತ್ತಿದವರು ಪತ್ರಿಕೆಯಲ್ಲಿ ಬರೆದುಕೊಂಡರು. ಪೂವಪ್ಪನ ಪಾಲಿಗೆ ಅಲ್ಲಿ ಇದ್ದದ್ದು ಸ್ಟವ್ವು, ಹಿಮ ಕರಗಿಸಿದ ನೀರು, ಎಷ್ಟು ಕುದಿಸಿದರೂ ಬೇಯದ ಬೇಳೆ. ಕೆಳಗಿನ ಡೇರೆಯಿಂದ ಮೇಲಿನ ಡೇರೆಗೆ ಎರಡು ದಿನಕ್ಕೊಮ್ಮೆ ಕೂಲಿಗಳ ಜೊತೆ ಊಟದ ಸಾಮಾನು ಹೊತ್ತು ಹೋಗಿ ಬರುತ್ತಿದ್ದ. ಇಪ್ಪತ್ತನೆಯ ದಿನ ಹಾಗೆ ಹೋದವರು ಹಿಮ ಬೀಳತೊಡಗಿ ನಡುದಾರಿಯಲ್ಲಿ ಒಂದು ಬಂಡೆಯ ಮರೆಯಲ್ಲಿ ಸಿಕ್ಕಿಬಿದ್ದರು. ಇಪ್ಪತ್ತು ರೂಪಾಯಿಯ ಬೂಟಿನ ಎಡಗಾಲಿನದು ಹೊಲಿಗೆ ಬಿಟ್ಟಿತ್ತು. ವಸಂತಿ ಕೊಟ್ಟ ಕಾಲುಚೀಲವನ್ನು ಒಂದರ ಮೇಲೊಂದು ಹಾಕಿಕೊಂಡ. ಮರುದಿನ ಮಧ್ಯಾಹ್ನ ಅವರನ್ನು ಹುಡುಕಿ ಇಳಿಸಿದಾಗ ಎಡಗಾಲಿನ ಬೆರಳುಗಳು ಮೊದಲು ಮೇಣದ ಬಣ್ಣಕ್ಕೆ, ಆಮೇಲೆ ಬದನೆಕಾಯಿಯ ಬಣ್ಣಕ್ಕೆ ತಿರುಗಿದವು.

ಪಟವರ್ಧನರು ತಾವೇ ಅವನ ಪಾದವನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರು. ನಾಲ್ಕು ಜನ ಹೊತ್ತು ಇಳಿಸಬೇಕು, ಆಸ್ಪತ್ರೆಗೆ ವಾರ ಹಿಡಿಯುತ್ತದೆ, ತಂತಿಯನ್ನು ಈಗಲೇ ಓಟದ ಆಳಿನ ಕೈಯಲ್ಲಿ ಜೋಶಿಮಠಕ್ಕೆ ಕಳಿಸೋಣ ಎಂದರು. ಎಣ್ಣೆಬಟ್ಟೆಯ ಕಟ್ಟು ಬಿಚ್ಚಿ ಅವನ ಎರಡನೆಯ ಫಾರಂ, ಗಾಯದ್ದು, ತೆಗೆದರು. ತಾರೀಕು ಹಾಕಿದರು. ಮತ್ತೆ ಪೆನ್ನು ನಿಲ್ಲಿಸಿ ಹಿಂದಿಯಲ್ಲಿ ಕೇಳಿದರು:

"ನಿನ್ನ ಅಕ್ಕ ಚಹಾಕ್ಕೆ ಬಂದಿದ್ದರಲ್ಲ, ಅವರೀಗ ಊರಿಗೆ ಹೋಗಿರುತ್ತಾರಾ? ಇಲ್ಲಿ ಮೂಲ್ಕಿ ಅಂತ ಇದೆ. ಬೊಂಬಾಯಿಯಲ್ಲೇ ಇದ್ದರೆ ಇದು ವ್ಯರ್ಥ."

ಪೂವಪ್ಪ ನೀರಿನಲ್ಲಿದ್ದ ತನ್ನ ಕಾಲನ್ನೇ ನೋಡಿದ. ಅದು ಬೇರೆ ಯಾರದೋ ಕಾಲಿನಂತೆ ಕಾಣುತ್ತಿತ್ತು.

"ವೋ ಬಹನ್ ನಹೀಂ, ಸಾಹೇಬ್," ಎಂದ. "ಮೇರಿ ಔರತ್."

ಡೇರೆಯ ಬಟ್ಟೆ ಗಾಳಿಗೆ ಪಟಪಟ ಎಂದಿತು. ಪಟವರ್ಧನರು ಅವನ ಮುಖ ನೋಡಿದರು, ಆಮೇಲೆ ಫಾರಂ ನೋಡಿದರು. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹಗುರವಾಗುತ್ತಿತ್ತು. ಮೆಂಬರ್ ಎಂದು ಎಲ್ಲರೆದುರು ಎತ್ತಿ ಹಿಡಿದವನನ್ನು ಅವರು ಮೆಲ್ಲಗೆ ಕೆಳಗಿಟ್ಟಂತೆ ಪೂವಪ್ಪನಿಗೆ ಅನ್ನಿಸಿತು.

"ಪತ್ತಾ ಬೋಲ್," ಎಂದರು ಸಾಹೇಬರು, ಎರಡು ಪದದ ಮೇಲೆ ಗೆರೆ ಎಳೆಯುತ್ತ.

ಅವನು ಹೇಳಿದ. ವಸಂತಿ, ಖೋಲಿ ನಂಬರು, ಚಾಳಿನ ಹೆಸರು, ಭಾಂಡುಪ್, ಬೊಂಬಾಯಿ. ಏಳು ಪದ. ಮೇಲಿನ ಆಣೆಗಳನ್ನು ತನ್ನ ಚೀಲದಿಂದ ತೆಗೆದು ಓಟದ ಆಳಿನ ಕೈಗೆ ಎಣಿಸಿ ಕೊಟ್ಟ.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಅಷ್ಟೊಂದು ಕಾಲುಚೀಲ ಹಾಕಿರದಿದ್ದರೆ ಪಾದವೇ ಹೋಗುತ್ತಿತ್ತು ಎಂದರು ಡಾಕ್ಟರು. ಪೂವಪ್ಪ ಕೋಲೂರಿಕೊಂಡು ಭಾಂಡುಪಿಗೆ ಬಂದಾಗ ಜುಲೈ ಆಗಿತ್ತು. ವಸಂತಿ ಬಿಸಿನೀರು ಕಾಯಿಸಿದಳು, ಕಾಲಿನ ಪಟ್ಟಿ ಬಿಚ್ಚಿ ನೋಡಿದಳು, ಔಷಧ ಹಚ್ಚಿ ಬೇರೆ ಪಟ್ಟಿ ಕಟ್ಟಿದಳು. ತಂತಿಯ ಮಾತು ಎತ್ತಲಿಲ್ಲ. ಅವನು ಕಾದ. ವಿಳಾಸ ಬದಲಾಯಿಸಿದ್ದಕ್ಕೆ ಅವಳು ಏನಾದರೂ ಅಂದಾಳು, ಅಷ್ಟರಿಂದ ತನ್ನ ಎದೆಯ ಭಾರ ಇಳಿದೀತು ಎಂದು ಅವನ ಆಸೆ.

ಅಂದದ್ದು ಮುರಿಗೆಪ್ಪ. ಸಂಜೆ ನೋಡಲು ಬಂದವನು ವಸಂತಿ ನಲ್ಲಿಗೆ ಹೋದದ್ದನ್ನು ಕಂಡು ಹತ್ತಿರ ಸರಿದು ಕೂತ.

"ನಿಮ್ಮ ತಂತಿ ಹನ್ನೊಂದ ಗಂಟೇಕ ಬಂತಂತ ನೋಡ್ರಿ. ಚಾಳಿನಾಗ ಗಂಡಸರು ಒಬ್ಬರೂ ಇಲ್ಲ, ಎಲ್ಲಾರೂ ಡ್ಯೂಟಿಗೆ. ತಂದ ಹುಡುಗ ಕೈಯಾಗ ಕೊಟ್ಟ ಹೋಗಿಬಿಟ್ಟ. ವೈನಿ ಅದನ್ನ ಒಡೀದನ ಹಂಗ ಹಿಡಕೊಂಡ ಲೋಕಲ್ ಹತ್ತಿ ದಾದರಿಗೆ ಬಂದ್ರು, ನನ್ನ ಕಿಡಕಿ ಮುಂದ. ಸಾಲಿನಾಗ ನಿಂತಿದ್ರು ಮತ್ತ! ಮುಂದ ಆರು ಮಂದಿ ಇದ್ರು, ಒಬ್ಬರನ್ನೂ ದಾಟಿ ಬರಲಿಲ್ಲ. ಮುಂದ ಬಂದಮ್ಯಾಲೆ ಲಕೋಟಿ ಒಳಗ ದೂಡಿ, 'ಯಾವುದು ನೋಡಿ' ಅಂದ್ರು."

ಪೂವಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೂರು ಫಾರಂ ಇದ್ದವು ಎಂದು ಅವಳಿಗೆ ಗೊತ್ತಿತ್ತು. ಬಂದದ್ದು ಯಾವುದೆಂದು ಗೊತ್ತಿರಲಿಲ್ಲ. ಭಾಂಡುಪಿನಿಂದ ದಾದರಿನ ತನಕ ಆ ಮುಚ್ಚಿದ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಏಳು ಪದ ಖರ್ಚು ಮಾಡಿ ಅವನು ಅವಳಿಗೆ ಕಳಿಸಿದ್ದು ಅದು. ಓದು ಬಾರದವಳಿಗೆ ಯಾರು ಓದಿ ಹೇಳುತ್ತಾರೆ ಎಂದು ಡೇರೆಯಲ್ಲಿ ಒಂದು ಸಲವೂ ಅವನಿಗೆ ಹೊಳೆದಿರಲಿಲ್ಲ.

"ಎರಡನೇದು ವೈನಿ, ಜೀವಂತ ಅದಾರ ಅಂತ ಹೇಳಿದೆ. ಕಿಡಕಿ ಕಟ್ಟಿ ಹಿಡಕೊಂಡ ಹಂಗ ನಿಂತ್ರು. ಆಮ್ಯಾಲೆ ಏನಂದ್ರು ಗೊತ್ತೇನ್ರಿ? 'ಇದರಲ್ಲಿ ಇರುವುದನ್ನೇ ಬರೆದು ಚಂಪಾ, ಮೂಲ್ಕಿ ಅಂತ ಕಳಿಸಿ, ಕೆಳಗೆ ಅವರ ಹೆಸರು ಹಾಕಿ' ಅಂದ್ರು. ನಾ ಅಂದೆ, ಕಳಸೋರು ನೀವು, ನಿಮ್ಮ ಹೆಸರ ಹಾಕ್ತೇನ್ರಿ ಅಂತ. 'ಬೇಡ, ಅಕ್ಕನಿಗೆ ಅವರೇ ಹೇಳಿದ ಹಾಗೆ ಇರಲಿ' ಅಂದ್ರು. ಮ್ಯಾಲೆ ಕಳಿಸಿದ ಊರು ದಾದರ್ ಅಂತ ಬರ್ತದ ಖರೇ, ಅದನ್ನ ಯಾರ ನೋಡ್ತಾರ? ಹದಿಮೂರ ಆಣೆ ಸೆರಗಿನ ಗಂಟಿನಾಗಿಂದ ತಗದ ಕೊಟ್ಟ ಹ್ವಾದ್ರು." ಮುರಿಗೆಪ್ಪ ಎದ್ದ. "ನಾ ಹೇಳೀನಿ ಅಂತ ಹೇಳಬ್ಯಾಡ್ರಿ ಮತ್ತ."

ಎರಡು ದಿನದ ಮೇಲೆ ಮೂಲ್ಕಿಯಿಂದ ಕಾಗದ ಬಂತು. ಮನೆಗೆ ಬಂದ ಕಾಗದವನ್ನು ಪೂವಪ್ಪ ಗ‌ಟ್ಟಿಯಾಗಿ ಓದುವುದು, ವಸಂತಿ ಅಕ್ಕಿ ಆರಿಸುತ್ತ ಕೇಳುವುದು, ಒಂಬತ್ತು ವರ್ಷದ ರೂಢಿ. ಅವನು ಓದತೊಡಗಿದ. ಅಕ್ಕನ ಆಶೀರ್ವಾದ, ಕಾಲಿನ ವಿಚಾರ, ದೇವಸ್ಥಾನಕ್ಕೆ ಹೇಳಿಕೊಂಡ ಹರಕೆ. ಮುಂದೆ ಹೀಗಿತ್ತು: "ಅಂಥ ನೋವಿನಲ್ಲೂ ನಿನಗೆ ಮೊದಲು ಅಕ್ಕನ ನೆನಪಾಯಿತಲ್ಲ. ಪೋಸ್ಟ್ ಮಾಸ್ತರರು ತಂತಿ ಓದಿ ಹೇಳಿದಾಗ ನಾನು ಅತ್ತುಬಿಟ್ಟೆ. ನಮ್ಮ ಪೂವಪ್ಪ ಎಷ್ಟು ಎತ್ತರಕ್ಕೆ ಹೋದರೂ ಮನೆಯನ್ನು ಮರೆತವನಲ್ಲ ಎಂದು ಊರಿಡೀ ಹೇಳಿಕೊಂಡು ಬಂದೆ."

ಅವನ ಕಣ್ಣು ಮುಂದಿನ ಸಾಲಿಗೆ ಹೋಯಿತು. ಅವನು ಕಾಗದ ಮಡಚತೊಡಗಿದ.

"ಮುಂದೆ ಓದಿ," ಎಂದಳು ವಸಂತಿ, ಮೊರದಿಂದ ಒಂದು ಕಲ್ಲು ಹೆಕ್ಕುತ್ತ.

"ಅಷ್ಟೇ. ಮಳೆಯ ವಿಷಯ."

"ಮಳೆಯ ವಿಷಯವೇ ಓದಿ."

ಅವನು ಓದಿದ. "ವಸಂತಿಗೆ ಯಾರಾದರೂ ತಿಳಿಸಿದರೋ ಇಲ್ಲವೋ. ಅವಳೂ ಪಾಪ, ಒಬ್ಬಳೇ ಇದ್ದಾಳೆ. ಅವಳಿಗೂ ಒಂದು ಮಾತು ಹೇಳಿ ಕಳುಹಿಸಬೇಕಿತ್ತು ನೀನು."

ಮೊರದ ಮೇಲೆ ಬೆರಳು ಓಡುತ್ತಲೇ ಇತ್ತು. "ಚಂಪಕ್ಕ ಒಳ್ಳೆಯವರು," ಎಂದಳು. "ನನಗೂ ತಿಳಿಯಿತು ಅಂತ ಬರೆಯಿರಿ."

"ನಾನು ಇದ್ದದ್ದನ್ನೇ ಬರೆಯುತ್ತೇನೆ ವಸಂತಿ. ತಂತಿ ಕಳಿಸಿದ್ದು ನೀನು ಅಂತ. ನಾನು ಕಳಿಸಿದ್ದು ನಿನಗೆ ಅಂತ."

"ಯಾಕೆ? ಊರಿಡೀ ಹೇಳಿಯಾಗಿದೆಯಂತಲ್ಲ. ಈಗ ಅವರು ಮನೆಮನೆಗೆ ಹೋಗಿ ಅದಲ್ಲ ಇದು ಅಂತ ಹೇಳಬೇಕಾ? ಅವರ ಸಂತೋಷ ಅವರಿಗೆ ಇರಲಿ."

"ಮತ್ತೆ ನಿನಗೆ?"

ವಸಂತಿ ಮೊರ ಎತ್ತಿ ಕೇರಿದಳು. ಹೊಟ್ಟು ಅವನ ಪಟ್ಟಿ ಕಟ್ಟಿದ ಕಾಲಿನ ಮೇಲೆ ಬಿತ್ತು. ಅವಳು ಬಾಗಿ ಅದನ್ನು ಕೈಯಿಂದ ಒರೆಸಿ ಒಳಗೆ ಹೋದಳು.

ಪೂವಪ್ಪ ತಿಳಿಯಿತು ಎಂದೇ ಬರೆದ. ಅಕ್ಕ ಸಾಯುವ ತನಕ ತಮ್ಮನ ಆ ತಂತಿಯನ್ನು ದೇವರ ಪಟದ ಹಿಂದೆ ಇಟ್ಟುಕೊಂಡಿದ್ದಳು.

ಎಡಗಾಲಿನ ಮೂರು ಬೆರಳು ಹೋದವು. ಒಲೆಯ ಮುಂದೆ ನಿಲ್ಲಲಾಗದೆ ಹಿರಿಯ ಅಡಿಗೆಯವನ ಕೆಲಸ ಹೋಗಿ, ಅದೇ ಕ್ಯಾಂಟೀನಿನಲ್ಲಿ ಕೂತು ಕೂಪನ್ ಹರಿಯುವ ಕೆಲಸ ಬಂತು. ಸಂಬಳ ಹದಿನೆಂಟು ರೂಪಾಯಿ ಇಳಿಯಿತು. ಅಕ್ಕನ ಮನೆ ಉಳಿಯಿತು, ಊರಿನಲ್ಲಿ ಹೆಸರು ಉಳಿಯಿತು, ಹೆಂಡತಿ ಉಳಿದಳು. ಅವಳು ಅಡಿಗೆ ಮಾಡಿದಳು, ಕಾಯಿಲೆಯಲ್ಲಿ ನೋಡಿಕೊಂಡಳು, ಪಕ್ಕದವರ ಜೊತೆ ನಗುತ್ತಲೂ ಇದ್ದಳು. ಆದರೆ ಆ ದಿನ ರೈಲ್ವೆ ಗೇಟು ದಾಟಿ ಬರುವಾಗ, ನನಗೆ ಯಾರು ಹೇಳ್ತಾರೆ ಎಂದು ಕೇಳಿದ್ದೇ ಕೊನೆ. ಆಮೇಲೆ ವಸಂತಿ ತನಗಾಗಿ ಅವನನ್ನು ಏನನ್ನೂ ಕೇಳಲಿಲ್ಲ.